ಗುಜರಿಯೊಳಗಿನ ರೇಖಾಗಣಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಹತ್ತಿರ ನನಗೊಂದು ಸಣ್ಣ ಶೆಡ್ ಇದೆ. ಮೊದಲು ಒಂದು ಪ್ರೆಸ್ ಶಾಪ್‌ನಲ್ಲಿ, ಅಂದರೆ ಯಂತ್ರದಲ್ಲಿ ತಗಡು ಒತ್ತಿ ಕತ್ತರಿಸುವ ಕಡೆ, ಕೆಲಸಕ್ಕಿದ್ದೆ. ತಗಡಿಗೆ ತೂತು ಹೊಡೆದಾಗ ಕೆಳಗೆ ದುಂಡನೆಯ ಬಿಲ್ಲೆಗಳು ಬೀಳುತ್ತವೆ. ಸಂಜೆ ಅವನ್ನು ಗುಡಿಸಿ ಗುಜರಿ ಮೂಟೆಗೆ ಹಾಕುತ್ತಿದ್ದೆವು. ಒಂದು ದಿನ ಸುಮ್ನೆ ಒಂದು ಹಿಡಿ ಬಿಲ್ಲೆ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟೆ. ಇನ್ನೊಂದು ಸಾಲು ಇಟ್ಟೆ. ಅವತ್ತು ಬಸ್ಸು ತಪ್ಪಿಹೋಯಿತು. ಆಮೇಲೆ ಈ ಕೆಲಸ ಬಿಡಲಾಗಲೇ ಇಲ್ಲ. ಶೆಡ್‌ಗೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೆ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ನೀವು ಮಾಡುವುದು ಏನು?

ಜನ ಎಸೆದ ಸಾಮಾನನ್ನು ಜೋಡಿಸಿ ಗೋಡೆಗೆ ಹಾಕುವ ಫಲಕ ಮಾಡುತ್ತೇನೆ, ನಿಲ್ಲಿಸುವ ಶಿಲ್ಪ ಮಾಡುತ್ತೇನೆ. ವೃತ್ತ, ಚೌಕ, ತ್ರಿಕೋನ, ಆರು ಮೂಲೆ, ಎಂಟು ಮೂಲೆ, ಇಷ್ಟೇ. ನಟ್ಟು ಬೋಲ್ಟಿನಿಂದ ನವಿಲು, ಗಣಪತಿ, ಕುದುರೆ ಮಾಡುವವರಿದ್ದಾರೆ. ಬಹಳ ಚೆನ್ನಾಗಿ ಮಾಡುತ್ತಾರೆ. ಆದರೆ ಅಲ್ಲಿ ಗೇರ್ ಚಕ್ರ ಕಣ್ಣಾಗುತ್ತದೆ, ಸ್ಪ್ರಿಂಗು ಬಾಲವಾಗುತ್ತದೆ. ನನಗೆ ಗೇರ್ ಚಕ್ರ ಗೇರ್ ಚಕ್ರವಾಗಿಯೇ ಇರಬೇಕು. ಅದರ ಹಲ್ಲುಗಳ ಎಣಿಕೆಯಿಂದಲೇ ಚಿತ್ರ ಹುಟ್ಟಬೇಕು.

ಸಾಮಾನನ್ನು ಕತ್ತರಿಸುವುದಿಲ್ಲ ಅನ್ನುತ್ತೀರಿ. ಯಾಕೆ?

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕತ್ತರಿಸಬಹುದು ಅಂದರೆ ಯಾವ ಅಳತೆ ಬೇಕಾದರೂ ಮಾಡಿಕೊಳ್ಳಬಹುದು. ಹಾಗಾದರೆ ಅಂಗಡಿಯಿಂದ ಹೊಸ ತಗಡೇ ತರಬಹುದಲ್ಲ, ಗುಜರಿಗೆ ಯಾಕೆ ಹೋಗಬೇಕು?

ಒಂದು ವಾಷರ್ ಅಷ್ಟೇ ಅಗಲ ಇರುವುದಕ್ಕೆ ಕಾರಣ ಇದೆ. ಯಾರೋ ಕೂತು ಲೆಕ್ಕ ಹಾಕಿ ಆ ಅಳತೆ ಇಟ್ಟಿದ್ದಾರೆ. ಹಳೇ ಸಿಡಿ ಒಂದನ್ನು ಕೈಗೆ ತೆಗೆದುಕೊಳ್ಳಿ. ಅಡ್ಡಳತೆ 120 ಮಿಲಿಮೀಟರ್. ನಡುವಿನ ತೂತು 15 ಮಿಲಿಮೀಟರ್. ಸರಿಯಾಗಿ ಎಂಟರಲ್ಲಿ ಒಂದು ಪಾಲು. ನಾನು ಹತ್ತಾರು ಸಿಡಿ ಅಂಟಿಸಿದ ಮೇಲೆ ಒಂದು ದಿನ ಸ್ಕೇಲ್ ಇಟ್ಟು ನೋಡಿದಾಗ ಇದು ಗೊತ್ತಾಯಿತು. ಮುಂದಿನ ಫಲಕದ ಅಳತೆಯನ್ನೆಲ್ಲ 15ರ ಮಗ್ಗಿಯಲ್ಲೇ ಹಾಕಿದೆ. ಅಂಚು 15, ಸಂದು 30, ಪಟ್ಟಿ 60. ನೋಡಿದವರು ‘ಏನೋ ಹಿತವಾಗಿದೆ’ ಅಂದರು. ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ. ಕಣ್ಣು ತನ್ನ ಪಾಡಿಗೆ ಲೆಕ್ಕ ಮಾಡುತ್ತದೆ.

ಮಾಡುವುದು ಇಷ್ಟು: ಚೂಪಾದ ಅಂಚನ್ನು ಅರದಿಂದ ಉಜ್ಜುತ್ತೇನೆ, ಕಟ್ಟಲು ಬೇಕಾದರೆ ಒಂದು ತೂತು ಕೊರೆಯುತ್ತೇನೆ. ಅದಕ್ಕಿಂತ ಜಾಸ್ತಿ ಇಲ್ಲ.

ನಾನು ಹೊಸಬ. ಮೊದಲು ಏನು ಮಾಡಲಿ?

ಸೋಡಾ ಬಾಟಲಿ ಮುಚ್ಚಳದ ಫಲಕ ಮಾಡಿ. ಹಲ್ಲು ಹಲ್ಲಾಗಿರುವ ಆ ತಗಡಿನ ಮುಚ್ಚಳಕ್ಕೆ 21 ಹಲ್ಲು, ಅಡ್ಡಳತೆ ಸುಮಾರು 32 ಮಿಲಿಮೀಟರ್. ಯಾವ ಕಂಪನಿಯದಾದರೂ ಹೆಚ್ಚುಕಡಿಮೆ ಇದೇ ಅಳತೆ. ಬೀಡಾ ಅಂಗಡಿ, ಜ್ಯೂಸ್ ಅಂಗಡಿ, ಬಾರು, ಎಲ್ಲಿ ಕೇಳಿದರೂ ಕೊಡುತ್ತಾರೆ. ಓಪನರ್‌ನಿಂದ ಜಾಸ್ತಿ ಬಗ್ಗಿದ್ದನ್ನು ಬಿಟ್ಟುಬಿಡಿ.

ಎಷ್ಟು ಬೇಕು? ಅದಕ್ಕೆ ನಮ್ಮ ಅಮ್ಮನ ರಂಗೋಲಿ ಪುಸ್ತಕದಲ್ಲಿ ಉತ್ತರ ಇತ್ತು. ‘15 ಚುಕ್ಕಿ, 8ರ ತನಕ, ಸಂದು ಚುಕ್ಕಿ.’ ನಡುಸಾಲಿನಲ್ಲಿ 15. ಅದರ ಮೇಲೊಂದು ಕೆಳಗೊಂದು 14ರ ಸಾಲು. ಆಮೇಲೆ 13, 12, ಹೀಗೆ ಎರಡೂ ಕಡೆ 8ಕ್ಕೆ ನಿಲ್ಲಿಸಬೇಕು. ಒಟ್ಟು 15 ಸಾಲು, 169 ಚುಕ್ಕಿ. ಪ್ರತಿ ಪಕ್ಕದಲ್ಲೂ 8 ಚುಕ್ಕಿ ಇರುವ ಆರು ಮೂಲೆಯ ಆಕಾರ ಬರುತ್ತದೆ. ಚುಕ್ಕಿಯ ಜಾಗದಲ್ಲಿ ಮುಚ್ಚಳ ಇಡಿ, ಅಷ್ಟೇ.

ಅಡ್ಡಕ್ಕೆ 15 ಮುಚ್ಚಳ ಅಂದರೆ 480 ಮಿಲಿಮೀಟರ್. ಎತ್ತರ ಅಷ್ಟಾಗುವುದಿಲ್ಲ. ಸಂದಿನಲ್ಲಿ ಕೂರುವುದರಿಂದ ಸಾಲಿನಿಂದ ಸಾಲಿಗೆ 32 ಅಲ್ಲ, ಸುಮಾರು 27.7 ಮಾತ್ರ. ಒಟ್ಟು ಎತ್ತರ ಸುಮಾರು 420. ಹಾಗಾಗಿ ಎರಡಡಿ ಉದ್ದ, ಒಂದೂವರೆ ಅಡಿ ಎತ್ತರದ ಪ್ಲೈವುಡ್ ತುಂಡು ಸಾಕು.

ಬಣ್ಣದ ಲೆಕ್ಕವೂ ಮೊದಲೇ ಸಿಗುತ್ತದೆ. ನಡುವೆ 1. ಅದರ ಸುತ್ತ 6. ಆಮೇಲೆ 12, 18, 24, 30, 36, ಕೊನೆಯ ಸುತ್ತಿಗೆ 42. ನಿಮ್ಮ ಹತ್ತಿರ ಕೆಂಪು ಮುಚ್ಚಳ 42 ಇದ್ದರೆ ಅದು ಹೊರಗಿನ ಸುತ್ತು. ಹಸಿರು ಬರೀ 6 ಇದ್ದರೆ ಅದರ ಜಾಗ ಎಲ್ಲಿ ಅಂತ ಹೇಳಬೇಕಾಗಿಲ್ಲ.

ಇದೆಲ್ಲ ಆದ ಮೇಲೆ, ಅಂಟಿಸುವ ಮುಂಚೆ, ಒಂದು ಸಲ ಎಲ್ಲ ಮುಚ್ಚಳವನ್ನು ತೆಗೆದು ನೇರ ಚುಕ್ಕಿಯಲ್ಲಿ ಇಟ್ಟು ನೋಡಿ. ಅಡ್ಡ 13, ಉದ್ದ 13. ಅದೂ 169! ಅದೇ ಮುಚ್ಚಳಗಳು, ಒಂದೂ ಉಳಿಯುವುದಿಲ್ಲ, ಒಂದೂ ಸಾಲದೆ ಬರುವುದಿಲ್ಲ. ಆರು ಮೂಲೆ ಇದ್ದದ್ದು ಚೌಕ ಆಯಿತು. ಇದನ್ನು ಮೊದಲ ಸಲ ಕಂಡಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಎರಡು ಫಲಕ ಮಾಡಿ ಅಕ್ಕಪಕ್ಕ ತೂಗುಹಾಕಿದರೆ ಯಾರೂ ಎರಡರಲ್ಲೂ ಅಷ್ಟಷ್ಟೇ ಮುಚ್ಚಳ ಇವೆ ಅಂತ ನಂಬುವುದಿಲ್ಲ. ಸಂದು ಚುಕ್ಕಿಯಲ್ಲಿ ಮುಚ್ಚಳಗಳು ಒತ್ತಾಗಿ ಕೂರುತ್ತವೆ, ನೇರ ಚುಕ್ಕಿಯಲ್ಲಿ ನಡುನಡುವೆ ಖಾಲಿ ಜಾಗ ಜಾಸ್ತಿ ಕಾಣುತ್ತದೆ.

ಸೈಕಲ್ ರಿಮ್ಮಿಗೆ ದಾರ ಕಟ್ಟಿದ್ದೀರಲ್ಲ, ಅದು ಹೇಗೆ?

ಮೊದಲು ಕಡ್ಡಿ ಕೂರುವ ತೂತುಗಳನ್ನು ಎಣಿಸಿ. ಎಣಿಸದೆ ಶುರು ಮಾಡಬೇಡಿ. ಹಳೇ ಕಪ್ಪು ಸೈಕಲ್‌ಗಳಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ ಇರುತ್ತಿದ್ದವು. ಆಮೇಲೆ ಬಂದ ಎಷ್ಟೋ ಸೈಕಲ್‌ಗಳಲ್ಲಿ 36.

36ರ ರಿಮ್ ನನಗೆ ಬಹಳ ಇಷ್ಟ. 12 ತೂತು ದಾಟಿ ದಾಟಿ, ಅಂದರೆ ಹೊರಟ ತೂತನ್ನು ಬಿಟ್ಟು ಎಣಿಸಿ ಪ್ರತಿ ಸಲ 12ನೆಯದಕ್ಕೆ, ದಾರ ಎಳೆದರೆ ಮೂರೇ ಎಳೆಗೆ ತ್ರಿಕೋನ ಮುಗಿಯುತ್ತದೆ. 9 ದಾಟಿದರೆ ಚೌಕ. 6 ದಾಟಿದರೆ ಆರು ಮೂಲೆ. ಈಗ 12ರ ಬದಲು 13 ದಾಟಿ ನೋಡಿ. ಒಂದೇ ತೂತಿನ ವ್ಯತ್ಯಾಸ. ದಾರ ಹೊರಟ ಜಾಗಕ್ಕೆ ಬೇಗ ಬರುವುದೇ ಇಲ್ಲ, 36 ತೂತನ್ನೂ ಮುಟ್ಟಿದ ಮೇಲೆ ಬರುತ್ತದೆ. ಯಾಕೆಂದರೆ 13ಕ್ಕೂ 36ಕ್ಕೂ ಒಂದನ್ನು ಬಿಟ್ಟು ಬೇರೆ ಸಮಾನ ಭಾಜಕ ಇಲ್ಲ. ನಡುವೆ ಒಂದು ಖಾಲಿ ವೃತ್ತ ತಾನಾಗಿ ಮೂಡುತ್ತದೆ. ಆ ವೃತ್ತವನ್ನು ಯಾರೂ ಬರೆದಿಲ್ಲ, ಬರೀ ನೇರ ಗೆರೆಗಳಿಂದ ಆಗಿದ್ದು. ಅದರ ಅಡ್ಡಳತೆ ರಿಮ್ಮಿನ ಹತ್ತರಲ್ಲಿ ನಾಲ್ಕು ಪಾಲಿಗಿಂತ ಸ್ವಲ್ಪ ಜಾಸ್ತಿ. 40ರ ರಿಮ್ಮಿನಲ್ಲಿ ಹೀಗೇ 13 ದಾಟಿದರೆ ಖಾಲಿ ವೃತ್ತ ಇನ್ನೂ ದೊಡ್ಡದು, ಅರ್ಧಕ್ಕಿಂತ ಜಾಸ್ತಿ. ಆದರೆ 40ರಲ್ಲಿ ಸರಿಯಾದ ತ್ರಿಕೋನ ಬರುವುದಿಲ್ಲ, 40 ಮೂರರಿಂದ ಭಾಗವಾಗುವುದಿಲ್ಲ ನೋಡಿ. ಐದು ಮೂಲೆ ಬರುತ್ತದೆ.

ಇನ್ನೊಂದು ವಿಷಯ. ರಿಮ್ಮಿನ ತೂತುಗಳು ಒಂದೇ ಗೆರೆಯಲ್ಲಿ ಇರುವುದಿಲ್ಲ. ಒಂದು ಸ್ವಲ್ಪ ಎಡಕ್ಕೆ, ಮುಂದಿನದು ಬಲಕ್ಕೆ. 12 ದಾಟಿದಾಗ ದಾರ ಒಂದೇ ಪಕ್ಕದಲ್ಲಿ ಉಳಿಯುತ್ತದೆ. 13 ದಾಟಿದಾಗ ಪ್ರತಿ ಎಳೆಯೂ ಎಡದಿಂದ ಬಲಕ್ಕೆ ಹಾಯುತ್ತದೆ. ಅದಕ್ಕೇ ಆ ನೇಯ್ಗೆ ದಪ್ಪವಾಗಿ, ಉಬ್ಬಿದ ಹಾಗೆ ಕಾಣುತ್ತದೆ.

ದಾರದ ಬದಲು ಸುಟ್ಟುಹೋದ ಮೋಟರಿನ ವೈಂಡಿಂಗ್ ತಂತಿ ಸಿಕ್ಕಿದರೆ ಬಿಡಬೇಡಿ. ಬೆಳಕಿಗೆ ತಾಮ್ರದ ಎಳೆ ಹೊಳೆಯುವ ಚಂದವೇ ಬೇರೆ.

ಸಾಮಾನು ಎಲ್ಲಿಂದ ತರುತ್ತೀರಿ?

ಮುಖ್ಯವಾಗಿ ಗುಜರಿ ಅಂಗಡಿಗಳಿಂದ. ಅಲ್ಲಿ ಹೋಗುವಾಗ ಒಂದು ಮಾತು ನೆನಪಿರಲಿ. ನಮಗೆ ಅದು ಹುಡುಕಾಟದ ಖುಷಿ, ಅವರಿಗೆ ಅದು ಅನ್ನ. ‘ಅಣ್ಣ, ಸ್ವಲ್ಪ ನೋಡಬಹುದಾ?’ ಅಂತ ಕೇಳಿ. ಲಾರಿ ಲೋಡ್ ಆಗುವ ಹೊತ್ತಿನಲ್ಲಿ ಹೋಗಬೇಡಿ. ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ ಬೇರೆ ಬೇರೆ ಮಾಡಿಟ್ಟಿರುತ್ತಾರೆ, ಕಲಸಬೇಡಿ. ತೂಕಕ್ಕೆ ಎಷ್ಟು ಕೇಳುತ್ತಾರೋ ಅಷ್ಟು ಕೊಡಿ, ಚೌಕಾಸಿ ಬೇಡ. ನಾನು ಬಳಸದೆ ಉಳಿದದ್ದನ್ನು ಮತ್ತೆ ಅದೇ ಅಂಗಡಿಗೆ ಕೊಟ್ಟುಬರುತ್ತೇನೆ. ಈಗ ಅವರೇ ಒಳ್ಳೆಯ ಗೇರ್ ಬಂದರೆ ಎತ್ತಿಟ್ಟು ಫೋನ್ ಮಾಡುತ್ತಾರೆ. ಯಾವುದು ಉಕ್ಕು, ಯಾವುದು ಬೀಡು (ಎರಕದ ಕಬ್ಬಿಣ) ಅಂತ ಸದ್ದಿನಿಂದಲೇ ಹೇಳುವುದನ್ನು ನನಗೆ ಕಲಿಸಿದ್ದೂ ಅವರೇ. ಬೆಂಗಳೂರಿನಲ್ಲಿ ಕಸ ಆಯುವವರ ಜೊತೆ ಕೆಲಸ ಮಾಡುವ ಹಸಿರು ದಳದಂಥ ಸಂಸ್ಥೆಗಳೂ ಇವೆ. ಈ ಕೆಲಸದ ಹಿಂದಿನ ಬದುಕು ಗೊತ್ತಾಗಬೇಕಾದರೆ ಅವರನ್ನು ಭೇಟಿ ಮಾಡಿ.

ಚನ್ನಪಟ್ಟಣದಲ್ಲಿ ಆಟಿಕೆ ಕಡೆಯುವವರ ಹತ್ತಿರ ಬಿರುಕುಬಿಟ್ಟ ಗುಂಡು, ಬಳೆ, ಶಂಕು ಸಿಗುತ್ತವೆ. ಅರಗಿನ ಬಣ್ಣ ಹಚ್ಚಿದ್ದು, ಮತ್ತೆ ಬಣ್ಣವೇ ಬೇಡ.

ಹಳೇ ಮನೆ ಕೆಡವುವ ಕಡೆ ಮಂಗಳೂರು ಹೆಂಚು ಸಿಗುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಹೆಂಚಿನ ಮೇಲೆ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಅಚ್ಚು ಪೂರ್ತಿ ಇರುವ ಹೆಂಚನ್ನು ನಾನು ತೊಳೆದು ಹಾಗೇ ಇಡುತ್ತೇನೆ. ಒಡೆದ ಚೂರುಗಳನ್ನು ಮಾತ್ರ ಬಳಸುತ್ತೇನೆ.

ಯಾವುದನ್ನು ಮುಟ್ಟಬಾರದು?

ಕಲ್ನಾರು ಶೀಟು, ಅಂದರೆ ಆಸ್ಬೆಸ್ಟಾಸ್. ಮುರಿಯಬೇಡಿ, ಕೊರೆಯಬೇಡಿ, ಮನೆಗೆ ತರಲೂ ಬೇಡಿ. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಟ್ಯೂಬ್‌ಲೈಟು ಬೇಡ, ಒಳಗೆ ಪಾದರಸ ಇದೆ. ಹಳೇ ಡಬ್ಬಾ ಟೀವಿಯ ಗಾಜು ಬೇಡ, ಅದರಲ್ಲಿ ಸೀಸ ಇದೆ, ಒಡೆದರೆ ಸಿಡಿಯುತ್ತದೆ. ಬ್ಯಾಟರಿ ಬೇಡವೇ ಬೇಡ.

ಹಳೇ ಬಾಗಿಲು, ಕಿಟಕಿಯ ಬಣ್ಣದ ಬಗ್ಗೆ ಜನಕ್ಕೆ ಗೊತ್ತಿಲ್ಲ. ಆ ಕಾಲದ ಎಷ್ಟೋ ಪೇಂಟ್‌ಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹಾಗಾಗಿ ಹಳೇ ಬಣ್ಣವನ್ನು ಒಣಗಿದ್ದ ಹಾಗೇ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ, ಧೂಳು ಏಳುತ್ತದೆ. ಬಣ್ಣ ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ವಾರ್ನಿಷ್ ಕೊಡಿ. ಉದುರುತ್ತಿದ್ದರೆ ಆ ಮರವನ್ನೇ ಬಿಡಿ. ಮಕ್ಕಳಿರುವ ಮನೆಯಲ್ಲಂತೂ ಬೇಡ.

ಜಿಂಕ್ ಲೇಪನದ ತಗಡನ್ನು, ಅಂದರೆ ಜಿಐ ಶೀಟನ್ನು, ಮುಚ್ಚಿದ ಕೋಣೆಯಲ್ಲಿ ವೆಲ್ಡ್ ಮಾಡಿಸಬೇಡಿ. ಆ ಹೊಗೆಯಿಂದ ಜ್ವರ ಬರುತ್ತದೆ. ವೈರ್ ಸುಟ್ಟು ತಾಮ್ರ ತೆಗೆಯಬೇಡಿ.

ಇನ್ನು ಕಾನೂನು. ರೈಲ್ವೆ ಸಾಮಾನು ದಾರಿಯಲ್ಲಿ ಬಿದ್ದಿದ್ದರೂ ಎತ್ತಬೇಡಿ. ಬೀದಿಯ ಮ್ಯಾನ್‌ಹೋಲ್ ಮುಚ್ಚಳ ಎಷ್ಟೇ ಚಂದ ಇರಲಿ, ಅದು ಎಸೆದ ವಸ್ತುವಲ್ಲ. ನಾಣ್ಯ ಕರಗಿಸುವುದು, ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಸವೆದ ನಾಣ್ಯಕ್ಕೆ ತೂತು ಕೊರೆಯುವ ಆಸೆ ಬೇಡ.

ಯಾವ ಅಂಟು ಬಳಸಬೇಕು?

ಮರಕ್ಕೆ ಮರ, ಮರಕ್ಕೆ ಕಾಗದ, ಬಟ್ಟೆ ಆದರೆ ಫೆವಿಕಾಲ್. ಲೋಹಕ್ಕೆ ಅದು ಹಿಡಿಯುವುದಿಲ್ಲ. ಲೋಹಕ್ಕೆ ಎರಡು ಟ್ಯೂಬಿನ ಅರಾಲ್ಡೈಟ್. ಅಂಟಿಸುವ ಜಾಗವನ್ನು ಸ್ಯಾಂಡ್‌ಪೇಪರ್‌ನಿಂದ ಗೀರಿ ತರಿ ಮಾಡಿ, ತಿನ್ನರ್ ಹಾಕಿ ಎಣ್ಣೆ ತೆಗೆಯಿರಿ. ಪ್ರೆಸ್ ಶಾಪ್ ಬಿಲ್ಲೆಯ ಮೇಲೆ ಯಾವಾಗಲೂ ಎಣ್ಣೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಂಟಿಸಿದ ಮೇಲೆ ಒಂದು ರಾತ್ರಿ ಮುಟ್ಟಬೇಡಿ.

ಗ್ಲೂ ಗನ್ ಬಗ್ಗೆ ಎಚ್ಚರ. ಒಂದು ಕಾಲೇಜಿನ ಪ್ರದರ್ಶನಕ್ಕೆ ಅವಸರದಲ್ಲಿ ಅದರಿಂದಲೇ ಅಂಟಿಸಿ ಕೊಟ್ಟಿದ್ದೆ. ಏಪ್ರಿಲ್ ತಿಂಗಳು, ಫಲಕ ಇದ್ದದ್ದು ಪಡುವಣ ಕಿಟಕಿಯ ಪಕ್ಕ. ಮೂರನೇ ದಿನ ಮಧ್ಯಾಹ್ನ ಬಿಲ್ಲೆಗಳು ಒಂದೊಂದಾಗಿ ಜಾರಿ ಬಿದ್ದವು. ಕೆಳಗೆ ಯಾರೂ ಇರಲಿಲ್ಲ, ಅದೇ ಪುಣ್ಯ. ತಪ್ಪು ನನ್ನದೇ. ಬಿಸಿಗೆ ಕರಗುವ ಅಂಟು ಬಿಸಿಗೆ ಮೆತ್ತಗಾಗದೆ ಇರುತ್ತದೆಯೇ? ಕಲಬುರಗಿ, ರಾಯಚೂರು ಕಡೆಯವರು ಅದನ್ನು ಮರೆತೇಬಿಡಿ.

ಪ್ಲಾಸ್ಟಿಕ್ ಬಕೆಟ್, ನೀರಿನ ಬಾಟಲಿಯ ಮುಚ್ಚಳ, ಇಂಥವಕ್ಕೆ ಯಾವ ಮಾಮೂಲಿ ಅಂಟೂ ನಿಲ್ಲುವುದಿಲ್ಲ. ತೂತು ಕೊರೆದು ತಂತಿಯಿಂದ ಕಟ್ಟಿ. ಕಟ್ಟು ಕಾಣಿಸಿದರೆ ಕಾಣಿಸಲಿ.

ತುಕ್ಕು ತೆಗೆಯಬೇಕಾ?

ಉದುರುವ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯಬೇಕು. ಅಂಟಿಕೊಂಡ ತುಕ್ಕಿನ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ, ಅದನ್ನು ಉಳಿಸಿಕೊಳ್ಳಿ. ಚೆನ್ನಾಗಿ ಬಿಸಿಲಿಗೆ ಒಣಗಿಸಿ ಬಣ್ಣವಿಲ್ಲದ ಲ್ಯಾಕರ್ ಎರಡು ಕೋಟು ಕೊಡಿ. ಕರಾವಳಿಯವರು ಹಿಂಭಾಗಕ್ಕೂ ಕೊಡಬೇಕು, ಉಪ್ಪುಗಾಳಿ ಹಿಂದಿನಿಂದಲೇ ಶುರು ಮಾಡುತ್ತದೆ.

ಹಿತ್ತಾಳೆ, ತಾಮ್ರ ಸಿಕ್ಕ ತಕ್ಷಣ ಮನೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿಬಿಡುತ್ತಾರೆ. ದಯವಿಟ್ಟು ಬೇಡ. ವರ್ಷಗಟ್ಟಲೆ ಕೂತು ಬಂದ ಆ ಕಂದು ಹಸಿರು ಐದು ನಿಮಿಷಕ್ಕೆ ಹೋಗುತ್ತದೆ.

ಬಣ್ಣವನ್ನೇ ಹಚ್ಚುವುದಿಲ್ಲವೇ?

ಹಚ್ಚುತ್ತೇನೆ, ಹಿನ್ನೆಲೆಗೆ. ವಸ್ತುವಿನ ಮೇಲೆ ಅಪರೂಪ. ಹಿನ್ನೆಲೆಯ ಬಣ್ಣದ ಅಂಚು ಚಾಕುವಿನಿಂದ ಕೊಯ್ದ ಹಾಗೆ ಇರಬೇಕು, ಇಲ್ಲದಿದ್ದರೆ ವಸ್ತುವಿನ ಅಂಚಿಗೆ ಅದು ಸಾಟಿಯಾಗುವುದಿಲ್ಲ. ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಅಂಚಿನ ಮೇಲೆ ಮೊದಲು ಕೆಳಗಿರುವ ಬಣ್ಣವನ್ನೇ ಇನ್ನೊಂದು ಸಲ ಬಳಿಯಿರಿ. ಟೇಪಿನ ಅಡಿ ಸೋರುವುದು ಆ ಬಣ್ಣವೇ, ಹಾಗಾಗಿ ಕಾಣುವುದಿಲ್ಲ. ಒಣಗಿದ ಮೇಲೆ ಹೊಸ ಬಣ್ಣ ಬಳಿದು, ಪೂರ್ತಿ ಒಣಗುವ ಮುಂಚೆ ಟೇಪ್ ಎಳೆಯಿರಿ.

ಲಂಬಕೋನಕ್ಕೆ ಮೂಲೆಮಟ್ಟ ಇಲ್ಲದಿದ್ದರೆ ಟೇಪಿನಲ್ಲಿ 30, 40, 50 ಸೆಂಟಿಮೀಟರ್ ಅಳೆಯಿರಿ. ಒಂದು ಬದಿ 30, ಇನ್ನೊಂದು 40, ಎದುರಿನ ಓರೆ ಸರಿಯಾಗಿ 50 ಬಂದರೆ ಮೂಲೆ ಸರಿ. ಗಾರೆ ಕೆಲಸದವರು ಪಾಯ ಹಾಕುವಾಗ ಮಾಡುವುದೂ ಇದನ್ನೇ.

ಶಿಲ್ಪ ಬೀಳದ ಹಾಗೆ ಹೇಗೆ ನಿಲ್ಲಿಸುವುದು?

ಭಾರದ ಕೇಂದ್ರದಿಂದ ಒಂದು ತೂಗುಗುಂಡು ಇಳಿಬಿಟ್ಟಿದ್ದೇವೆ ಅಂದುಕೊಳ್ಳಿ. ಆ ಗುಂಡು ತಳದ ಒಳಗೆ ಬೀಳಬೇಕು, ಅಂಚಿನಲ್ಲಿ ಅಲ್ಲ. ಬ್ರೇಕ್ ಡ್ರಮ್ಮು, ಹಳೇ ಗ್ರೈಂಡರ್ ಕಲ್ಲು, ಫ್ಲೈವೀಲು ತಳಕ್ಕೆ ಬಹಳ ಒಳ್ಳೆಯದು. ದುಂಡು, ಭಾರ, ಅಳತೆ ಖಚಿತ. ಮೇಲಿನದ್ದನ್ನು ಅಂಟನ್ನು ನಂಬಿ ಬಿಡಬೇಡಿ, ಬೋಲ್ಟ್ ಹಾಕಿ.

ಇದು ಕಲೆಯಾ? ಬೇರೆ ಯಾರಾದರೂ ಮಾಡಿದ್ದಾರಾ?

ಮಾಡಿದ್ದಾರೆ, ನೂರು ವರ್ಷದಿಂದ. ಜರ್ಮನಿಯ ಹ್ಯಾನೋವರ್‌ನಲ್ಲಿ ಕುರ್ಟ್ ಶ್ವಿಟರ್ಸ್ ಮೊದಲ ಮಹಾಯುದ್ಧ ಮುಗಿದ ಮೇಲೆ ಟ್ರಾಮ್ ಟಿಕೆಟ್, ಪೇಪರ್ ಚೂರು, ಮರದ ತುಂಡು ಅಂಟಿಸಿ ಚಿತ್ರ ಮಾಡಿದರು. ಪಿಕಾಸೊ 1942ರಲ್ಲಿ ಸೈಕಲ್ ಸೀಟು, ಹ್ಯಾಂಡಲ್ ಎರಡನ್ನೇ ಸೇರಿಸಿ ಗೂಳಿಯ ತಲೆ ಮಾಡಿದರು. ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಬಹುಕಾಲ ಕೆಲಸ ಮಾಡಿದ ಎಲ್ ಅನಾತ್ಸುಯಿ ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೊಲಿದು ಗೋಡೆ ತುಂಬುವ ಸೀರೆಯಂಥ ಹಾಸು ಮಾಡುತ್ತಾರೆ.

ನನಗೆ ಇಬ್ಬರು ಹತ್ತಿರ. ಒಬ್ಬರು ನ್ಯೂಯಾರ್ಕ್‌ನ ಲೂಯಿಸ್ ನೆವೆಲ್ಸನ್. ಬೀದಿಯಲ್ಲಿ ಬಿದ್ದ ಕುರ್ಚಿ ಕಾಲು, ಮೆಟ್ಟಿಲ ಕೈಹಿಡಿಕೆಯ ಮರ, ಪೆಟ್ಟಿಗೆ ಎಲ್ಲವನ್ನೂ ಚೌಕ ಚೌಕ ಗೂಡುಗಳಲ್ಲಿ ಜೋಡಿಸಿ ಪೂರ್ತಿ ಕಪ್ಪು ಬಳಿದುಬಿಟ್ಟರು. 1958ರ ಹೊತ್ತಿಗೆ ಅವು ಗೋಡೆಯಷ್ಟು ದೊಡ್ಡವಾಗಿದ್ದವು. ಒಂದೇ ಬಣ್ಣ ಆದಾಗ ಆಕಾರ ಮಾತ್ರ ಉಳಿಯುತ್ತದೆ, ನೆರಳೇ ಬಣ್ಣವಾಗುತ್ತದೆ. ಇನ್ನೊಬ್ಬರು ಚಂಡೀಗಢದ ನೇಕ್ ಚಂದ್. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. ಹೊಸ ನಗರ ಕಟ್ಟುವಾಗ ಉಳಿದ ಕಟ್ಟಡದ ಚೂರು, ಒಡೆದ ಬಳೆ, ಪಿಂಗಾಣಿ ತುಂಡುಗಳನ್ನು ಸೈಕಲ್ ಮೇಲೆ ಹೊತ್ತು ವರ್ಷಗಟ್ಟಲೆ ಗುಟ್ಟಾಗಿ ಒಂದು ಲೋಕವನ್ನೇ ಕಟ್ಟಿದರು. 1976ರಲ್ಲಿ ಅದನ್ನು ಜನರಿಗೆ ತೆರೆದರು. ಈಗ ಅದೇ ರಾಕ್ ಗಾರ್ಡನ್. ಕೆಲಸ ಮುಗಿಸಿ ಬಂದು ರಾತ್ರಿ ಕಲ್ಲು ಜೋಡಿಸುತ್ತಿದ್ದ ಆ ಮನುಷ್ಯನನ್ನು ನಾನು ಬಹಳ ಸಲ ನೆನೆಸಿಕೊಳ್ಳುತ್ತೇನೆ.

ಮಕ್ಕಳಿಗೆ ಕಲಿಸಬಹುದಾ?

ಖಂಡಿತ. ತಗಡು ಬೇಡ. ಪ್ಲಾಸ್ಟಿಕ್ ಮುಚ್ಚಳ, ಗುಂಡಿ, ಬೆಂಕಿಪೊಟ್ಟಣ ಕೊಡಿ. ಅಂಟು ಮಾತ್ರ ಕೊನೆಗೆ ಕೊಡಿ. ಅಂಟು ಮೊದಲೇ ಸಿಕ್ಕರೆ ಜೋಡಿಸಿ ನೋಡುವುದನ್ನೇ ಬಿಟ್ಟುಬಿಡುತ್ತಾರೆ.

ಮಾರುತ್ತೀರಾ? ಬೆಲೆ ಹೇಗೆ?

ಮಾರುತ್ತೇನೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಹೋಗಿ ನೋಡಿ, ನಮ್ಮಂಥವರು ಬಹಳ ಜನ ಸಿಗುತ್ತಾರೆ. ‘ಗುಜರಿ ಸಾಮಾನು ತಾನೇ, ಇಷ್ಟೊಂದಾ?’ ಅಂತ ಕೇಳುವವರೂ ಇದ್ದಾರೆ. ಒಂದು ಫಲಕಕ್ಕೆ ಹೊಂದುವ ಒಂದೇ ಅಳತೆಯ ಬಿಲ್ಲೆ ಆರಿಸಲು ಕೆಲವು ಸಲ ಎರಡು ವಾರ ಹಿಡಿಯುತ್ತದೆ. ನಾನು ದಿನದ ಕೂಲಿ ಲೆಕ್ಕ ಹಾಕಿ, ಹಲಗೆ, ಅಂಟು, ಸಾಗಾಣಿಕೆ ಸೇರಿಸಿ ಹೇಳುತ್ತೇನೆ. ಹೊಸಬರು ತಮ್ಮ ದಿನಗಳನ್ನು ಎಣಿಸುವುದನ್ನು ಮರೆಯಬೇಡಿ.

ನಮ್ಮ ಮನೆಯಲ್ಲಿ ಹಳೇ ಸಾಮಾನು ಇದೆ. ತಂದುಕೊಡಬಹುದಾ?

ತನ್ನಿ. ಆದರೆ ಮೊದಲು ಒಂದು ಕೆಲಸ ಮಾಡಿ. ಎಲ್ಲವನ್ನೂ ನೆಲದ ಮೇಲೆ ಹರಡಿ, ಒಂದೇ ಅಳತೆಯವನ್ನು ಒಂದು ಕಡೆ ಸೇರಿಸಿ, ಎಷ್ಟಿವೆ ಅಂತ ಎಣಿಸಿ. ಎಣಿಸಿದ ಮೇಲೂ ಕೊಡಬೇಕು ಅನ್ನಿಸಿದರೆ ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ಶೆಡ್ ತೆರೆದಿರುತ್ತದೆ. ಕಾಫಿ ಇರುತ್ತದೆ.